ಹೊಳೆಗೆ ಪುಟವಿಲ್ಲದ ಅಳತೆ ಪುಸ್ತಕ

ರಸ್ತೆ ಕಾಮಗಾರಿಯಲ್ಲಿ ಒಂದು ಪುಸ್ತಕಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಅದು ಅಳತೆ ಪುಸ್ತಕ. ಎಂಜಿನಿಯರುಗಳ, ಗುತ್ತಿಗೆದಾರರ ಬಾಯಲ್ಲಿ ‘ಎಂ.ಬಿ.’ ಎಷ್ಟು ಘನ ಮೀಟರ್ ಮಣ್ಣು ಬಿತ್ತು, ಜಲ್ಲಿಯ ಪದರ ಎಷ್ಟು ದಪ್ಪ, ಡಾಂಬರು ಎಷ್ಟು ಟನ್, ಮೋರಿಗೆ ಹೋದ ಕಾಂಕ್ರೀಟ್ ಎಷ್ಟು ಎಂಬುದನ್ನೆಲ್ಲ ಅದರಲ್ಲಿ ಬರೆದು, ತಪಾಸಣೆಯಾಗಿ, ಸಹಿ ಬಿದ್ದ ಮೇಲೆಯೇ ಬಿಲ್ಲು. ಈಗ ಆ ಪುಸ್ತಕ ಕಂಪ್ಯೂಟರಿಗೆ ಹೋಗಿದೆ. ಇಡಿಯಾಗಿ ಗುತ್ತಿಗೆ ಕೊಡುವ ಹೆದ್ದಾರಿಗಳಲ್ಲಿ ಹಂತಕ್ಕಿಷ್ಟು ಎಂಬ ಪಟ್ಟಿಯಾಗಿದೆ. ರೂಪ ಬದಲಾದರೂ ನಿಯಮ ಬದಲಾಗಿಲ್ಲ: ಬರೆದದ್ದಕ್ಕೆ ಹಣ ಉಂಟು, ಬರೆಯದ್ದಕ್ಕೆ ಇಲ್ಲ. ಆದ್ದರಿಂದ ಒಂದು ರಸ್ತೆಯನ್ನು ಕಟ್ಟುವಾಗ ಸರ್ಕಾರ ಏನನ್ನು ಬೆಲೆಯುಳ್ಳದ್ದೆಂದು ತಿಳಿದಿತ್ತು, ಏನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದನ್ನು ತಿಳಿಯಲು ಉದ್ಘಾಟನೆಯ ಭಾಷಣ ಕೇಳಬೇಕಾಗಿಲ್ಲ. ಅಳತೆ ಪುಸ್ತಕ ನೋಡಿದರೆ ಸಾಕು.

ಕೋಯಿಕ್ಕೋಡಿನಿಂದ ಹೊರಟು, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರದ ಮೇಲೆ ಹಾದು ಕೊಳ್ಳೇಗಾಲ ಸೇರುವ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 212 ಆಗಿತ್ತು, ಈಗ 766. ಕಾಡಿನ ಅಂಚು, ಕಪಿಲೆಯ ಬಯಲು, ನಾಲೆ ನೀರಿನ ಭತ್ತದ ಗದ್ದೆ, ಎರಡು ಹೊಳೆ ಕೂಡುವ ಸಂಗಮ ಕ್ಷೇತ್ರ ಇವೆಲ್ಲವೂ ಒಂದೇ ರಸ್ತೆಯ ಮಗ್ಗುಲಲ್ಲಿವೆ. ಪರಿಸರದ ದೃಷ್ಟಿಯಿಂದ ಹೆದ್ದಾರಿಯೊಂದನ್ನು ಅಳೆಯುವುದು ಹೇಗೆ ಎಂದು ಕಲಿಯಲು ಮೈಸೂರು ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಆದರೆ ಈ ರಸ್ತೆ ಅಗಲವಾಯಿತು, ನುಣುಪಾಯಿತು, ಟೋಲ್ ಗೇಟ್ ಬಂತು, ಅಳತೆಯ ಪಾಠ ಮಾತ್ರ ಆಗಲಿಲ್ಲ. ಹೊಳೆಗೆ, ಮರಕ್ಕೆ, ಹೊಲದ ಮೇಲ್ಮಣ್ಣಿಗೆ ಅಳತೆ ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಇದು ಅಚಾತುರ್ಯವಲ್ಲ, ಕರ್ತವ್ಯಲೋಪ. ಈ ಮಾತನ್ನು ನಾವು ಹಗುರವಾಗಿ ಬಳಸುತ್ತಿಲ್ಲ.

ನೀರಿನಿಂದ ಶುರುಮಾಡೋಣ. ಏಕೆಂದರೆ ಈ ರಸ್ತೆಯನ್ನು ಮೊದಲು ಪರೀಕ್ಷಿಸಿದ್ದು ನೀರೇ. ನಂಜನಗೂಡಿನ ಹೊರವಲಯದ ಮಲ್ಲನಮೂಲೆ ಮಠದ ಬಳಿ 2018ರ ಆಗಸ್ಟಿನಲ್ಲಿ ಕಪಿಲೆ ಹೆದ್ದಾರಿಯ ಮೇಲೆ ಹರಿದಳು, ಮೈಸೂರು–ಊಟಿ ಸಂಚಾರ ನಿಂತಿತು. 2019ರ ಆಗಸ್ಟಿನಲ್ಲಿ ಮತ್ತೆ, ಇನ್ನೂ ಜೋರಾಗಿ. 2024ರ ಜುಲೈ ಕೊನೆಯಲ್ಲಿ, ವಯನಾಡಿನಲ್ಲಿ ಗುಡ್ಡ ಕುಸಿದು ಊರೂರೇ ಮಣ್ಣುಪಾಲಾದ ಅದೇ ಮಳೆಯಲ್ಲಿ, ಮತ್ತೊಮ್ಮೆ. ಏಳು ವರ್ಷದಲ್ಲಿ ಕನಿಷ್ಠ ಮೂರು ಸಲ. ಕಾರಣ ಗುಟ್ಟಿನದೇನಲ್ಲ. ಕಬಿನಿ ಎಂದೂ ಕರೆಯುವ ಕಪಿಲೆ ಹುಟ್ಟುವುದು ವಯನಾಡಿನಲ್ಲಿ. ಅಲ್ಲಿಯ ಮಳೆಯನ್ನು ತಡೆದು ನಿಲ್ಲಿಸಬೇಕಾದ ಬೀಚನಹಳ್ಳಿಯ ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ, ಕೆಆರ್‌ಎಸ್‌ನ ಅರ್ಧಕ್ಕೂ ಕಡಿಮೆ. ಮೇಲೆ ಮಳೆ ಹಿಡಿದರೆ ಜಲಾಶಯ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡದೆ ವಿಧಿಯಿಲ್ಲ. ಆ ನೀರು ಬಂದು ನಿಲ್ಲುವ ಮೊದಲ ದೊಡ್ಡ ಊರು ನಂಜನಗೂಡು. ಇದು ಪಟ್ಟಣದ ಹಳ್ಳದಕೇರಿಯ ಮಕ್ಕಳಿಗೂ ಗೊತ್ತು. ರಸ್ತೆಯ ನಕಾಶೆ ಬರೆದವರಿಗೆ ಗೊತ್ತಿರಲಿಲ್ಲ ಎಂದರೆ ಒಪ್ಪುವವರು ಯಾರು?

ರಸ್ತೆಯ ಮೈ ಹೊಳೆಯ ಗರಿಷ್ಠ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕೆಂಬುದು ಹೆದ್ದಾರಿ ವಿನ್ಯಾಸದ ಅಕ್ಷರಾಭ್ಯಾಸ. ಹಾಗೆಂದು ಮಣ್ಣು ಸುರಿದು ಎತ್ತರಿಸಿಬಿಟ್ಟರೆ ಮುಗಿಯುವುದಿಲ್ಲ. ಹೊಳೆಯ ಬಯಲಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ, ನೀರಿನ ಪಾಲಿಗೆ ಒಂದು ಕಟ್ಟೆಯೇ. ರಸ್ತೆ ಒಣಗಿರುತ್ತದೆ, ಹಿಂದಿನ ಹಳ್ಳಿ ಮುಳುಗುತ್ತದೆ. ಮೊದಲು ಹರಡಿಕೊಂಡು ಹೋಗುತ್ತಿದ್ದ ನೀರು ಮೋರಿಯ ಬಾಯಲ್ಲಿ ರಭಸ ಕೂಡಿ, ಆಚೆಗಿನ ಗದ್ದೆಯ ಮಣ್ಣನ್ನು ಕೊಚ್ಚುತ್ತದೆ. ತಿ. ನರಸೀಪುರದ ಕಡೆಯ ನಾಲೆ ಬಯಲಲ್ಲಿ ಇದರ ಇನ್ನೊಂದು ಮುಖವಿದೆ. ಗದ್ದೆಯ ನೀರು ಬಸಿದು ಹೋಗಲು ಬಸಿಗಾಲುವೆ ಬೇಕು. ಅಗಲವಾದ ರಸ್ತೆ ಅದನ್ನು ಕತ್ತರಿಸಿ, ಬದಲಿಗೆ ಒಂದು ಕೊಳವೆ ಮೋರಿ ಇಟ್ಟು, ಆ ಮೋರಿ ಎರಡು ಮಳೆಗಾಲದಲ್ಲಿ ಹೂಳು ತುಂಬಿಕೊಂಡರೆ, ಏರಿಯ ಈಚೆಗಿನ ಗದ್ದೆ ಜೌಗು ಹಿಡಿಯುತ್ತದೆ. ಮೋರಿಗೆ ಹೋದ ಕಾಂಕ್ರೀಟು ಅಳತೆ ಪುಸ್ತಕದಲ್ಲಿದೆ. ಮೋರಿಯ ಮೂಲಕ ನೀರು ಹೋಯಿತೇ ಎಂಬುದು ಇಲ್ಲ. ನಮ್ಮ ಇಡೀ ವ್ಯವಸ್ಥೆಯ ಕುರುಡು ಈ ಒಂದು ಸಾಲಿನಲ್ಲಿದೆ: ಕಟ್ಟಿದ್ದನ್ನು ಅಳೆಯುತ್ತೇವೆ, ಕಟ್ಟಿದ್ದರಿಂದ ಆದದ್ದನ್ನು ಅಳೆಯುವುದಿಲ್ಲ.

ಇದು ಒಂದೇ ರಸ್ತೆಯ ದೋಷವೆಂದು ಯಾರೂ ತಿಳಿಯಬೇಡಿ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಲೋಕಾರ್ಪಣೆ ಮಾಡಿದ ಬೆಂಗಳೂರು–ಮೈಸೂರು ದಶಪಥದಲ್ಲಿ, ವಾರ ತುಂಬುವಷ್ಟರಲ್ಲಿ ಬಂದ ಬೇಸಿಗೆ ಮಳೆಗೆ ರಾಮನಗರದ ಬಳಿ ನೀರು ನಿಂತು ವಾಹನಗಳು ಕೆಟ್ಟು ನಿಂತವು. ಅದಕ್ಕೆ ಹಿಂದಿನ ವರ್ಷದ ಆಗಸ್ಟಿನಲ್ಲೇ ಅದೇ ಪ್ರದೇಶದಲ್ಲಿ ಅದೇ ರಸ್ತೆ ಕೆರೆಯಂತಾಗಿ ಎಚ್ಚರಿಕೆ ಕೊಟ್ಟಿತ್ತು. ಸುಮಾರು 8,480 ಕೋಟಿ ರೂಪಾಯಿಯ ಕಾಮಗಾರಿಯಲ್ಲಿ ಹಳೆಯ ಕೆರೆ, ಹಳ್ಳ, ಕಾಲುವೆಗಳ ಲೆಕ್ಕಕ್ಕೆ ಸಿಕ್ಕ ಗಮನ ಎಷ್ಟೆಂಬುದನ್ನು ಆ ನೀರೇ ಹೇಳಿತು.

ನಂಜನಗೂಡಿನಲ್ಲಿ ಕಪಿಲೆಯ ಮೇಲೆ ಇನ್ನೊಂದು ಕಟ್ಟಡವಿದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಕಲ್ಲು ಸೇತುವೆ. ಎತ್ತಿನ ಗಾಡಿಗಾಗಿ ಕಟ್ಟಿದ ಅದೇ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು, ಬಸ್ಸು ಲಾರಿಗಳೂ ಓಡಿದವು. ಮೀಟರ್‌ಗೇಜ್ ಕಾಲ ಮುಗಿಯುವವರೆಗೂ ಅದು ರೈಲಿನ ಭಾರ ಹೊತ್ತಿತು. ಸುಮಾರು 290 ವರ್ಷದ ಪ್ರವಾಹಗಳು ಅದರ ಕಣ್ಣುಗಳೊಳಗೆ ಹಾದುಹೋಗಿವೆ, ಸೇತುವೆ ನಿಂತಿದೆ. ಈಗಿನ ಮಾತಿಗೆ ಬನ್ನಿ. ರಾಷ್ಟ್ರೀಯ ಹೆದ್ದಾರಿಯ ಡಾಂಬರು ರಸ್ತೆಯ ವಿನ್ಯಾಸದ ಆಯುಸ್ಸು, ಭಾರತೀಯ ರಸ್ತೆ ಕಾಂಗ್ರೆಸ್ಸಿನ 2018ರ ಮಾರ್ಗಸೂಚಿಯ ಪ್ರಕಾರ, 20 ವರ್ಷ. ಅದರ ನಡುವೆ ಮೇಲಿನ ಪದರವನ್ನು ಕೆರೆದು ಮತ್ತೆ ಹಾಕುವುದು ಬೇರೆ. ಪ್ರತಿ ಪದರಕ್ಕೂ ಒಂದಿಷ್ಟು ಬಂಡೆ, ಒಂದಿಷ್ಟು ಡಾಂಬರು, ಅದನ್ನು 150 ಡಿಗ್ರಿಗೂ ಮೇಲೆ ಕಾಯಿಸುವ ಉರುವಲು, ಸಾಗಿಸುವ ಡೀಸೆಲ್. ದಳವಾಯಿಯಂತೆ ಕಲ್ಲಿನಲ್ಲೇ ಕಟ್ಟಿ ಎಂದು ನಾವು ಹೇಳುತ್ತಿಲ್ಲ. ಅವರು ಕಟ್ಟುವಾಗ ಹೊಳೆಯನ್ನು ನೋಡಿ ಕಟ್ಟಿದರು ಎನ್ನುತ್ತಿದ್ದೇವೆ. ಒಂದು ರಚನೆ ಎಷ್ಟು ಕಾಲ ಬಾಳುತ್ತದೆ, ಆ ಕಾಲದುದ್ದಕ್ಕೂ ಎಷ್ಟು ತಿನ್ನುತ್ತದೆ ಎಂಬುದು ಪರಿಸರದ ಮೊದಲ ಅಳತೆ. ಟೆಂಡರಿನಲ್ಲಿ ಗೆಲ್ಲುವುದು ಕಟ್ಟುವ ದಿನದ ಕಡಿಮೆ ದರ. ಬಾಳಿಕೆಯ ಲೆಕ್ಕ ಮುಂದಿನವರ ತಲೆಗೆ ಬೀಳುತ್ತದೆ.

ಮರಗಳ ವಿಷಯದಲ್ಲಿ ಲೆಕ್ಕವೇ ಇಲ್ಲ ಎನ್ನುವಂತಿಲ್ಲ. ಲೆಕ್ಕವುಂಟು, ಆದರೆ ಸುಳ್ಳು ಲೆಕ್ಕ. ಮೈಸೂರಿನಿಂದ ನಂಜನಗೂಡಿಗೂ ತಿ. ನರಸೀಪುರಕ್ಕೂ ಹೋಗುವ ರಸ್ತೆಗಳು ಆಲ, ಹುಣಸೆ, ಗೋಣಿ, ಮಾವಿನ ನೆರಳಿನಲ್ಲಿ ಸಾಗುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಗಲೀಕರಣ ಬಂದಾಗ ಮೊದಲು ಬೀಳುವುದು ಅವು. ಒಂದು ಮರಕ್ಕೆ ಇಷ್ಟು ಸಸಿ ಎಂಬ ಸೂತ್ರದಲ್ಲಿ ನೂರು ವರ್ಷದ ಆಲವೂ ಮುಂಗೈಯುದ್ದದ ಹೊಂಗೆ ಸಸಿಯೂ ಒಂದೇ ಅಂಕಿ. ಸಸಿ ನೆಟ್ಟ ದಿನ ಫೋಟೊ, ಮೂರನೆಯ ಬೇಸಿಗೆಗೆ ಬರಿಯ ಗುಂಡಿ. ನೆಟ್ಟದ್ದಕ್ಕೆ ಬಿಲ್ಲು ಬರೆಯುತ್ತಾರೆ, ಬದುಕಿದ್ದಕ್ಕೆ ಅಲ್ಲ. ಇದಕ್ಕೆ ಹಣವಿಲ್ಲವೆಂಬ ನೆಪವೂ ಇಲ್ಲ. 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಯೋಜನೆಯ ಒಟ್ಟು ವೆಚ್ಚದ ಶೇ 1ರಷ್ಟನ್ನು ಗಿಡಮರಗಳಿಗೇ ಎತ್ತಿಡಬೇಕು.

ಜೆಸ್ಸೋರ್ ರಸ್ತೆಯ ಪ್ರಕರಣ ನಮ್ಮ ಅಧಿಕಾರಿಗಳು ಓದಲೇಬೇಕಾದದ್ದು. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರಗಳನ್ನು ಕಡಿಯುವ ವಿವಾದ ಸುಪ್ರೀಂ ಕೋರ್ಟಿಗೆ ಬಂದಾಗ, ಕೋರ್ಟು ನೇಮಿಸಿದ ತಜ್ಞರ ಸಮಿತಿ 2021ರಲ್ಲಿ ಒಂದು ಮರದ ಬೆಲೆಯನ್ನು ಕಟ್ಟಿಕೊಟ್ಟಿತು: ವರ್ಷಕ್ಕೆ 74,500 ರೂಪಾಯಿ, ಅದನ್ನು ಮರದ ವಯಸ್ಸಿನಿಂದ ಗುಣಿಸಬೇಕು. ನೂರು ದಾಟಿದ ಪಾರಂಪರಿಕ ಮರದ ಬೆಲೆ ಕೋಟಿಯನ್ನೂ ಮೀರೀತು ಎಂದಿತು. ಆ ಅಂಕಿಯನ್ನು ಯಾರಾದರೂ ಪ್ರಶ್ನಿಸಲಿ, ತಿದ್ದಲಿ. ಆದರೆ ವಯಸ್ಸಿಗೆ ಬೆಲೆಯಿದೆ ಎಂಬ ತತ್ವವನ್ನು ತಳ್ಳಿಹಾಕುವಂತಿಲ್ಲ. ತಿ. ನರಸೀಪುರ ರಸ್ತೆಯಲ್ಲಿ ಉರುಳಿದ ಹುಣಸೆ ಮರಗಳನ್ನು ಆ ತೂಕದಲ್ಲಿ ತೂಗಿದ್ದರೆ, ಎಷ್ಟೋ ಕಡೆ ರಸ್ತೆಯನ್ನು ಎರಡು ಮೀಟರ್ ಪಕ್ಕಕ್ಕೆ ತಿರುಗಿಸುವುದೇ ಅಗ್ಗವಾಗುತ್ತಿತ್ತು.

ತಿರುಗಿಸಲು ಬರುತ್ತದೆಯೇ? ಬರುತ್ತದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಹುಲಿಕಲ್–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳು ಬಲಿಯಾಗಲಿದ್ದವು. ಆ ತಾಯಿ ದನಿಯೆತ್ತಿದರು, ಮರ ಉಳಿಸಿ ಪರ್ಯಾಯ ಹುಡುಕಲು ಆಗಿನ ಸರ್ಕಾರ ಸೂಚಿಸಿತು. ಅಂದರೆ ಮನಸ್ಸಿದ್ದರೆ ನಕಾಶೆ ಬದಲಾಗುತ್ತದೆ. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ಇಡೀ ನಾಡು ಕಣ್ಣೀರಿಟ್ಟಿತು, ಸರ್ಕಾರಿ ಗೌರವ ಸಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಮೈಸೂರು ನಗರದ ಹೈದರಾಲಿ ರಸ್ತೆಯಲ್ಲಿ 40 ಮರಗಳನ್ನು ಕಡಿದು ಕೆಡವಿದರು. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 40, ಆ ಗೆರೆಯ ಈಚೆಗಿದೆ. ನೆಟ್ಟವರ ಹೆಸರು ಗೊತ್ತಿದ್ದರೆ ಮಾತ್ರ ಮರ ಉಳಿಯುವುದೆಂದಾದರೆ, ಹೆಸರಿಲ್ಲದ ಯಾವನೋ ರೈತ, ಯಾವುದೋ ಕಾಲದ ಅಮಲ್ದಾರ ನೆಟ್ಟು ಹೋದ ಸಾಲುಮರಗಳಿಗೆ ದಿಕ್ಕು ಯಾರು?

ಇನ್ನು ಮಣ್ಣು. ಇದು ಯಾರ ಕಣ್ಣಿಗೂ ಬೀಳದ ಖರ್ಚು. ಒಂದು ಸರಳ ಲೆಕ್ಕ ಮಾಡೋಣ. ಮೇಲೆ 12 ಮೀಟರ್ ಅಗಲ, ಬರೀ ಒಂದು ಮೀಟರ್ ಎತ್ತರ, ಇಕ್ಕೆಲದಲ್ಲೂ ಇಳಿಜಾರು ಇರುವ ಏರಿ ಕಟ್ಟಿದರೆ ಕಿಲೋಮೀಟರಿಗೆ ಸುಮಾರು 14,000 ಘನ ಮೀಟರ್ ಮಣ್ಣು ಬೇಕು. 10 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 1,400 ಲೋಡು. ಏರಿ ಎತ್ತರವಾದಂತೆ ಲೋಡು ಏರುತ್ತದೆ. ಈ ಮಣ್ಣು ಎಲ್ಲಿಂದ ಬಂತು? ಗುತ್ತಿಗೆಯ ಕಡತ ‘ಅನುಮೋದಿತ ಮೂಲ’ ಎನ್ನುತ್ತದೆ. ಊರವರಿಗೆ ಗೊತ್ತಿರುವ ಮೂಲ ಗೋಮಾಳದ ದಿಬ್ಬ, ಕೆರೆಯಂಗಳ, ಸಾಲದಲ್ಲಿರುವ ಯಾರದೋ ಹೊಲ. ಹೊಲದ ಮೇಲಿನ ಒಂದು ಗೇಣು ಮಣ್ಣು ಮಾರಿದವನಿಗೆ ಆ ವರ್ಷ ಕೈಯಲ್ಲಿ ಕಾಸು, ಮುಂದಿನ ಹಲವು ವರ್ಷ ಬಂಜರು. ಮೇಲ್ಮಣ್ಣನ್ನು ಬೇರೆಯಾಗಿ ಕೆರೆದಿಟ್ಟು ಮತ್ತೆ ಹರಡಬೇಕು ಎಂದು ಹೆದ್ದಾರಿ ಸಚಿವಾಲಯದ ಕಾಮಗಾರಿ ನಿಬಂಧನೆಗಳಲ್ಲೇ ಇದೆ. ಪರಿಸರ ರಕ್ಷಣೆಯ ಎಚ್ಚರಿಕೆಗಳಿಗೆಂದೇ ಅಲ್ಲಿ ಒಂದು ಪ್ರತ್ಯೇಕ ಕಲಮು ಇದೆ. ಆದರೆ ಆ ಎಚ್ಚರಿಕೆಗಳಿಗೆ ಬೇರೆ ಅಳತೆ, ಬೇರೆ ದರ ಇಡುವುದು ಅಪರೂಪ. ದರವಿಲ್ಲದ ಕೆಲಸವನ್ನು ಗುತ್ತಿಗೆದಾರ ಮಾಡುವುದಿಲ್ಲ, ಮಾಡದಿದ್ದುದನ್ನು ಎಂಜಿನಿಯರ್ ಕೇಳುವುದಿಲ್ಲ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದ್ದು ಅದು ಈ ಮಣ್ಣಿನ ಹಣ್ಣೆಂದು. ಮಣ್ಣಿಗೇ ಲೆಕ್ಕವಿಲ್ಲದ ತಾಲ್ಲೂಕಿನಲ್ಲಿ ಆ ಮಾನ್ಯತೆಯ ಕಾಗದ ಎಷ್ಟು ದಿನ ಬಾಳೀತು?

ಮಣ್ಣಿನ ಈ ಲೂಟಿಗೆ ದೆಹಲಿಯೇ ಬಾಗಿಲು ತೆರೆದಿಟ್ಟಿತ್ತು. ಜನ ಮನೆಯೊಳಗೆ ಸಿಕ್ಕಿಬಿದ್ದಿದ್ದ 2020ರ ಮಾರ್ಚ್ 28ರಂದು ಕೇಂದ್ರ ಪರಿಸರ ಸಚಿವಾಲಯ ಅಧಿಸೂಚನೆ ಹೊರಡಿಸಿ, ರಸ್ತೆ, ಪೈಪ್‌ಲೈನ್‌ಗಳಂಥ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದಿತು. ಎಷ್ಟು ತೆಗೆಯಬಹುದು ಎಂಬ ಮಿತಿಯಿಲ್ಲ, ಎಷ್ಟು ಜಾಗದಲ್ಲಿ ಎಂಬುದಿಲ್ಲ. ನಾಲ್ಕು ವರ್ಷ ಕಳೆದು, 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಮನಸೋಇಚ್ಛೆಯದೆಂದು ರದ್ದು ಮಾಡಿತು. ಕೋರ್ಟಿನ ಮಾತು ಬರುವಷ್ಟರಲ್ಲಿ ಎಷ್ಟು ದಿಬ್ಬ ಕರಗಿದವು ಎಂಬುದಕ್ಕೂ ಅಳತೆ ಪುಸ್ತಕವಿಲ್ಲ. ಜಲ್ಲಿಯ ಕಥೆಯೂ ಇಂಥದ್ದೇ. ಇದೇ ಹೆದ್ದಾರಿಯ ಮಗ್ಗುಲ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ 2022ರ ಮಾರ್ಚಿನಲ್ಲಿ ಕಲ್ಲು ಗಣಿಯ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ನಮ್ಮ ರಸ್ತೆಗಳ ನುಣುಪಿನ ಕೆಳಗೆ ಇಂಥ ಗುಡ್ಡಗಳಿವೆ.

ಇಷ್ಟೆಲ್ಲಕ್ಕೂ ಕಾನೂನು ಏನು ಮಾಡುತ್ತಿದೆ ಎಂದು ಓದುಗರು ಕೇಳಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೆ 30 ಕಿ.ಮೀ. ಉದ್ದ, 20 ಮೀಟರ್ ಹೆಚ್ಚುವರಿ ಅಗಲದ ಮಿತಿ ಇತ್ತು. 2013ರ ಆಗಸ್ಟಿನಲ್ಲಿ ಅದನ್ನು 100 ಕಿ.ಮೀ. ಉದ್ದಕ್ಕೆ, ಹಳೆಯ ಜಾಡಿನಲ್ಲಾದರೆ 40 ಮೀಟರ್, ಹೊಸ ತಿರುವು ಅಥವಾ ಬೈಪಾಸಿನಲ್ಲಾದರೆ 60 ಮೀಟರ್ ಹೆಚ್ಚುವರಿ ಜಾಗಕ್ಕೆ ಏರಿಸಿದರು. ಎರಡು ಪಥದ ರಸ್ತೆಗೆ ಅಂಚು ಸೇರಿಸಿ ಅಗಲ ಮಾಡುವ ಕಾಮಗಾರಿ ಈ ಮಿತಿಯನ್ನು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಅನುಮತಿ ಬೇಡ, ಅನುಮತಿ ಬೇಡವಾದರೆ ಸಾರ್ವಜನಿಕ ವಿಚಾರಣೆಯಿಲ್ಲ, ವಿಚಾರಣೆಯಿಲ್ಲದಿದ್ದರೆ ರೈತನ ಬಸಿಗಾಲುವೆಯ ಮಾತು ಯಾವ ಕಡತಕ್ಕೂ ಏರುವುದಿಲ್ಲ. ತಮಿಳುನಾಡಿನ ವಿಳುಪ್ಪುರಂ–ನಾಗಪಟ್ಟಿಣಂ ಹೆದ್ದಾರಿಯನ್ನು ನೂರು ಕಿಲೋಮೀಟರಿಗೆ ಕಡಿಮೆಯ ನಾಲ್ಕು ತುಂಡು ಮಾಡಿದ ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತುಂಡು ಮಾಡುವುದೇ ತಪ್ಪೆಂದು ಕೋರ್ಟು ಹೇಳಲಿಲ್ಲ. ಯಾವಾಗ ತುಂಡು ಮಾಡಬಹುದೆಂದು ಪರಿಶೀಲಿಸಲು ತಜ್ಞರಿಗೆ ಬಿಟ್ಟಿತು. ಕಾನೂನು ಮುರಿದಿಲ್ಲ ಎಂಬ ಉತ್ತರ ಇಲಾಖೆಗಳಿಗೆ ಸಾಕಾಗಬಹುದು. ಮಲ್ಲನಮೂಲೆಯ ನೀರಿಗೆ ಸಾಕಾಗುವುದಿಲ್ಲ. ಅದು 40 ಮೀಟರಿನ ಮಿತಿ ನೋಡಿ ಬರುವುದಿಲ್ಲ.

ಜಗತ್ತಿನಲ್ಲಿ ಬೇರೆಯವರು ಈ ಅಳತೆಯನ್ನು ಪ್ರಯತ್ನಿಸಿದ್ದಾರೆ. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳು 2003ರಲ್ಲೇ ‘ಸೀಕ್ವಲ್’ ಎಂಬ ಪದ್ಧತಿ ತಂದರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ‘ಗ್ರೀನ್‌ರೋಡ್ಸ್’ ಹುಟ್ಟಿತು. 2012ರಲ್ಲಿ ಅಲ್ಲಿಯ ಕೇಂದ್ರ ಹೆದ್ದಾರಿ ಆಡಳಿತ ‘ಇನ್ವೆಸ್ಟ್’ ಎಂಬ ಸ್ವಯಂ ಮೌಲ್ಯಮಾಪನ ಕೊಟ್ಟಿತು. ರಸ್ತೆ ಕಟ್ಟುವಾಗ ಹೊರಬೀಳುವ ಇಂಗಾಲದ ಲೆಕ್ಕಕ್ಕೆ ವಿಶ್ವಬ್ಯಾಂಕಿನ ‘ರೋಡಿಯೊ’ ಇದೆ. ಇವುಗಳಲ್ಲಿ ಗ್ರೀನ್‌ರೋಡ್ಸ್‌ನ ಒಂದು ಗುಣ ನಮಗೆ ಮೆಚ್ಚಿಗೆಯಾಗುತ್ತದೆ: ಮೊದಲ ಆವೃತ್ತಿಗಳಲ್ಲೇ 11 ಕಡ್ಡಾಯ ಷರತ್ತುಗಳನ್ನು ಪೂರೈಸಿದ ಮೇಲಷ್ಟೇ ಅಂಕಗಳ ಮಾತು. ಉಳಿದ ಎಷ್ಟೋ ಪದ್ಧತಿಗಳಲ್ಲಿ ಒಂದರಲ್ಲಿ ಕಳೆದದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಅದನ್ನು ನಮ್ಮ ಇಲಾಖೆಗಳ ಕೈಗೆ ಕೊಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ಟೋಲ್ ಗೇಟಿನ ಮೇಲೆ ಸೌರಫಲಕಕ್ಕೆ ಹತ್ತು ಅಂಕ, ನಡುವಿನ ಕಣಗಿಲೆ ಗಿಡಕ್ಕೆ ಹತ್ತು ಅಂಕ, ಮುಳುಗಿದ ಹಳ್ಳಿಗೆ ಐದು ಅಂಕ ಕಡಿತ, ಒಟ್ಟಿನಲ್ಲಿ ‘ಹಸಿರು ಹೆದ್ದಾರಿ’ಯ ಫಲಕ. ಗಣಿತದಲ್ಲಿ ಸೊನ್ನೆ ಬಂದ ಹುಡುಗನನ್ನು ಕನ್ನಡದ ಅಂಕ ಕೂಡಿಸಿ ಪಾಸು ಮಾಡುವ ಪದ್ಧತಿ ಎಸ್‌ಎಸ್‌ಎಲ್‌ಸಿಯಲ್ಲೂ ಇಲ್ಲ. ಹೊಳೆಯ ಪರೀಕ್ಷೆಯಲ್ಲಿ ಬಿದ್ದ ರಸ್ತೆಯನ್ನು ಹೂಗಿಡ ಪಾಸು ಮಾಡಿಸಬಾರದು.

ಅಳೆದು ನಿರ್ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ, ಇದೇ 766ರ ಮೇಲೆಯೇ ಇದೆ. ಬಂಡೀಪುರದ ಹೆಡಿಯಾಲ ಭಾಗ ನಂಜನಗೂಡು ತಾಲ್ಲೂಕಿಗೇ ಸೇರಿದ್ದು. ಆದ್ದರಿಂದ ಇದು ನಮ್ಮ ಮನೆಯ ಮಾತು. ರಾತ್ರಿ ಹಾಯುವ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದನ್ನು ಕಂಡು 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಿದರು. ಒತ್ತಡಕ್ಕೆ ಆದೇಶ ವಾಪಸಾಯಿತು, ಹೈಕೋರ್ಟು ಅದನ್ನು ಮತ್ತೆ ಜಾರಿಗೆ ತಂದಿತು, 2010ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಎಷ್ಟು ವಾಹನ ಹಾದವು, ಎಷ್ಟು ಪ್ರಾಣಿ ಸತ್ತವು ಎಂಬ ಲೆಕ್ಕ ಅಲ್ಲಿ ವಾದಕ್ಕೆ ಬಲ ಕೊಟ್ಟಿತು. ಕೇರಳದ ಒತ್ತಡ, ವ್ಯಾಪಾರಿಗಳ ಅಸಮಾಧಾನ ಎಲ್ಲವನ್ನೂ ತಾಳಿಕೊಂಡು ಆ ನಿರ್ಧಾರ ನಿಂತಿದೆ. ಕರ್ನಾಟಕ ಹೆಮ್ಮೆಪಡಬೇಕಾದ ದೃಢತೆ ಅದು. ಕಾಡಿನ ಗೇಟು ದಾಟಿ ಬಯಲಿಗೆ ಬಂದೊಡನೆ ಅದೇ ರಸ್ತೆಯ ಮೇಲೆ ಅದೇ ಸರ್ಕಾರ ಲೆಕ್ಕ ಮರೆಯುವುದೇಕೆ? ಆನೆಗೆ ಸಿಕ್ಕ ನ್ಯಾಯ ಹೊಳೆಗೂ ಗದ್ದೆಗೂ ಸಿಗಬಾರದೇ?

ಅಗಲೀಕರಣವೇ ಬೇಡ ಎನ್ನುವವರು ನಾವಲ್ಲ. 2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು, ಬಸ್ಸು ಮುಖಾಮುಖಿಯಾಗಿ ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ ಕುಟುಂಬಗಳ 10 ಜನ, ಮಕ್ಕಳೂ ಸೇರಿ, ಪ್ರಾಣ ಬಿಟ್ಟರು. ಆ ದಾರಿಯಲ್ಲಿ ಓಡಾಡುವ ಯಾರೂ ಅದನ್ನು ಮರೆತಿಲ್ಲ. ಮಹದೇಶ್ವರ ಬೆಟ್ಟಕ್ಕೆ, ನಂಜುಂಡೇಶ್ವರನ ಜಾತ್ರೆಗೆ, ಸಂಗಮದ ಕುಂಭಮೇಳಕ್ಕೆ ಹೋಗುವ ಲಕ್ಷಾಂತರ ಜನಕ್ಕೆ, ಕಬ್ಬಿನ ಲಾರಿಗೆ, ಮೈಸೂರಿನ ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಆದರೆ ಮಳೆಗಾಲದಲ್ಲಿ ಮುಚ್ಚುವ ರಸ್ತೆ ಆಂಬುಲೆನ್ಸಿಗೂ ಮುಚ್ಚುತ್ತದೆ. ಜನರ ಸುರಕ್ಷತೆಯೋ ಪರಿಸರವೋ ಎಂದು ಎರಡನ್ನು ಎದುರುಬದುರು ನಿಲ್ಲಿಸುವ ವಾದ ಇಲ್ಲಿ ನಿಲ್ಲುವುದಿಲ್ಲ. ಹೊಳೆಯನ್ನು ಅಳೆಯದೆ ಕಟ್ಟಿದ ರಸ್ತೆ ಜನರಿಗೂ ಒಳ್ಳೆಯ ರಸ್ತೆಯಲ್ಲ.

ಆದ್ದರಿಂದ ನಮ್ಮ ತೀರ್ಪು ಇದು. ನಂಜನಗೂಡು, ತಿ. ನರಸೀಪುರದ ಮೂಲಕ ಹೋಗುವ ಈ ಹೆದ್ದಾರಿ ಪರಿಸರದ ಅಳತೆಯಲ್ಲಿ ಅನುತ್ತೀರ್ಣ. ಅದನ್ನು ರೂಪಿಸಿದ, ಒಪ್ಪಿದ, ಬಿಲ್ಲು ಪಾಸು ಮಾಡಿದ ಎಲ್ಲ ಹಂತದ ಅಧಿಕಾರವೂ ಇದಕ್ಕೆ ಹೊಣೆ. ಮುಂದೆ ಈ ಎರಡು ತಾಲ್ಲೂಕುಗಳಲ್ಲಿ ಯಾವುದೇ ಹೆದ್ದಾರಿ, ಬೈಪಾಸು, ಸೇತುವೆಯ ಕಾಮಗಾರಿಗೆ ಗುದ್ದಲಿ ಬೀಳುವ ಮೊದಲು ಹೊಳೆ, ಹಳ್ಳ, ಬಸಿಗಾಲುವೆ, ಮರ, ಮೇಲ್ಮಣ್ಣಿನ ಈಗಿನ ಸ್ಥಿತಿಯನ್ನು ಬರೆದ ಪ್ರತ್ಯೇಕ ಅಳತೆ ಪುಸ್ತಕ ತೆರೆಯಬೇಕು. ಅಧಿಸೂಚನೆಯ ಮಿತಿ ಎಷ್ಟೇ ಇರಲಿ, ಅದನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಬೇಕು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ಲೋಕೋಪಯೋಗಿ ಇಲಾಖೆಯ ಒಂದು ಸುತ್ತೋಲೆ ಸಾಕು. ಗಿಡಕ್ಕೆ ಹಣ ಕೊಡುವುದು ನೆಟ್ಟ ದಿನವಲ್ಲ, ಮೂರನೆಯ ಬೇಸಿಗೆ ದಾಟಿ ಬದುಕಿದ್ದಕ್ಕೆ ಮಾತ್ರ. ಪ್ರತಿ ಲೋಡು ಮಣ್ಣಿಗೂ ಸರ್ವೆ ನಂಬರ್ ಬರೆಯಬೇಕು. ಸರ್ವೆ ನಂಬರಿಲ್ಲದ ಲೋಡಿಗೆ ದರವಿಲ್ಲ. ಕೊನೆಯ ಬಿಲ್ಲಿನ ಒಂದು ಪಾಲನ್ನು ಮೂರು ಮಳೆಗಾಲ ತಡೆದಿಟ್ಟು, ಮೋರಿಗಳು ನೀರು ಬಿಟ್ಟವು, ಹೊಸದಾಗಿ ಯಾವ ಹಳ್ಳಿಯೂ ಮುಳುಗಲಿಲ್ಲ ಎಂದು ಖಾತ್ರಿಯಾದ ಮೇಲೆ ಬಿಡುಗಡೆ ಮಾಡಬೇಕು. ಮಲ್ಲನಮೂಲೆಯಲ್ಲಿ ರಸ್ತೆ ಎತ್ತರಿಸುವ ಯೋಚನೆ ಬಂದರೆ ಅದು ಮಣ್ಣಿನ ಏರಿಯಾಗಬಾರದು. ನೀರಿಗೆ ದಾರಿ ಬಿಟ್ಟು ಕಂಬಗಳ ಮೇಲೆ ಹೋಗುವ ಸೇತುವೆಯೇ ಆಗಬೇಕು. ಖರ್ಚು ಹೆಚ್ಚೆಂದು ಯಾರಾದರೂ ಹೇಳಿದರೆ, ಮೂರು ಸಲ ಮುಚ್ಚಿದ ಹೆದ್ದಾರಿಯ ನಷ್ಟವನ್ನು ಮೊದಲು ಲೆಕ್ಕ ಹಾಕಿ ಮುಂದಿಡಲಿ.

ಕಪಿಲೆಯ ದಂಡೆಯ ನಮ್ಮ ಓದುಗರಿಗೆ ಒಂದು ಮಾತು. 2019ರ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ನಿಮ್ಮ ಮನೆಯ ಗೋಡೆಯಲ್ಲಿ, ಊರ ಗುಡಿಯ ಮೆಟ್ಟಿಲಲ್ಲಿ, ಕೊಟ್ಟಿಗೆಯ ಕಂಬದಲ್ಲಿದೆ. ಸುಣ್ಣ ಬಳಿಯುವಾಗ ಅದನ್ನು ಅಳಿಸಬೇಡಿ. ಬಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಸಲ ರಸ್ತೆಯ ಸರ್ವೆಗೆ ಎಂಜಿನಿಯರು ಬಂದಾಗ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಅವರು ಅದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುವವರೆಗೂ ಬಿಡಬೇಡಿ.